ಏಳಿಗೆಯ ಎರಡು ಅಳತೆಗಳು: ಸಿಂಗಾಪುರ ಮತ್ತು ಭೂತಾನ

1965ರ ಆಗಸ್ಟ್ 9ರಂದು ಸಿಂಗಾಪುರವು ಮಲೇಷ್ಯಾ ಒಕ್ಕೂಟದಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಆ ವಾರ್ತೆಯನ್ನು ದೂರದರ್ಶನದಲ್ಲಿ ವಿವರಿಸುತ್ತಿದ್ದ ಪ್ರಧಾನಿ ಲೀ ಕ್ವಾನ್ ಯೂ ಮಾತು ಮುಂದುವರಿಸಲಾರದೆ ಕಣ್ಣೀರು ಒರೆಸಿಕೊಂಡರು. ಸ್ವಾತಂತ್ರ್ಯ ದೊರೆತ ದಿನ ದುಃಖದಿಂದ ಅತ್ತ ರಾಷ್ಟ್ರನಾಯಕರು ಚರಿತ್ರೆಯಲ್ಲಿ ಹೆಚ್ಚಿಲ್ಲ. ಅವರ ಅಳುವಿಗೆ ಕಾರಣವಿತ್ತು. ಸುಮಾರು 580 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪದಲ್ಲಿ ಆಗ 19 ಲಕ್ಷದಷ್ಟು ಜನರಿದ್ದರು. ಕುಡಿಯುವ ನೀರು ಜಲಸಂಧಿಯಾಚೆಯ ಜೋಹೋರಿನಿಂದ ಬರಬೇಕಾಗಿತ್ತು. ಹಿಂದಿನ ವರ್ಷವಷ್ಟೇ ಮಲಯರಿಗೂ ಚೀನೀಯರಿಗೂ ನಡುವೆ ಎರಡು ಬಾರಿ ಗಲಭೆಗಳಾಗಿ ರಕ್ತ ಹರಿದಿತ್ತು. ತಲಾ ಆದಾಯ ವರ್ಷಕ್ಕೆ ಸುಮಾರು 500 ಅಮೆರಿಕನ್ ಡಾಲರುಗಳಷ್ಟಿತ್ತು.

ಇದಕ್ಕೆ ಆರು ವರ್ಷಗಳ ನಂತರ, 1971ರ ಸೆಪ್ಟೆಂಬರಿನಲ್ಲಿ, ಹಿಮಾಲಯದ ಮಡಿಲಿನ ಭೂತಾನವು ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಅದು ಹೊಸದಾಗಿ ಹುಟ್ಟಿದ ದೇಶವಲ್ಲ. ವಾಂಗ್‌ಚುಕ್ ರಾಜವಂಶವು 1907ರಿಂದಲೇ ಆಳುತ್ತಿತ್ತು. ಆದರೆ ಆಧುನಿಕ ರಾಜ್ಯವಾಗಿ ಅದು ಸಿಂಗಾಪುರಕ್ಕಿಂತ ಹಳೆಯದೇನೂ ಅಲ್ಲ. 1958ರಲ್ಲಿ ಜವಾಹರಲಾಲ್ ನೆಹರೂ ಅಲ್ಲಿಗೆ ಹೋದಾಗ ಮೋಟಾರು ರಸ್ತೆಯೇ ಇರಲಿಲ್ಲ. ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಕಣಿವೆಗಳನ್ನು ದಾಟಿ ಪಾರೋ ತಲುಪಬೇಕಾಯಿತು. ಮೊದಲನೆಯ ಪಂಚವಾರ್ಷಿಕ ಯೋಜನೆ ಆರಂಭವಾದದ್ದು 1961ರಲ್ಲಿ, ಅದೂ ಭಾರತದ ಹಣದಿಂದ. ಫುಂಟ್‌ಶೋಲಿಂಗಿನಿಂದ ಥಿಂಪುವಿಗೆ ಹೋಗುವ ರಸ್ತೆ ಸಿದ್ಧವಾದ ಮೇಲೆ, ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಒಂದು ಹಗಲಿಗೆ ಇಳಿಯಿತು.

ಈ ಎರಡು ದೇಶಗಳನ್ನು ಪರಸ್ಪರ ವಿರುದ್ಧ ಮಾದರಿಗಳೆಂದು ಎದುರುಬದುರು ನಿಲ್ಲಿಸುವುದು ಈಗ ವಾಡಿಕೆ. ಒಂದು ಆದಾಯವನ್ನು ಅಳೆಯಿತು, ಇನ್ನೊಂದು ಆನಂದವನ್ನು ಅಳೆಯಿತು. ಒಂದು ಬಂದರಿನ ಬೆವರು, ಇನ್ನೊಂದು ಬೆಟ್ಟದ ಮೌನ. ಪ್ರವಾಸಕಥನಗಳಿಗೆ ಈ ಚಿತ್ರ ಸಾಕು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಎರಡೂ ಅಳತೆಗಳ ಹಿಂದೆ ಒಂದೇ ಭಯ ಕಾಣಿಸುತ್ತದೆ: ದೊಡ್ಡ ನೆರೆಯವರ ನಡುವೆ ಸಣ್ಣ ದೇಶವು ಕರಗಿಹೋಗಬಹುದೆಂಬ ಭಯ. ಆ ಭಯಕ್ಕೆ ಎರಡೂ ರಾಜ್ಯಗಳು ಕಂಡುಕೊಂಡ ಮದ್ದಿನಲ್ಲಿಯೂ ಒಂದು ಸಾಮ್ಯವಿದೆ. ಏಳಿಗೆಯನ್ನು ಅಳೆಯುವ ಮುನ್ನ ಯಾರ ಏಳಿಗೆ ಎಂಬುದನ್ನು ನಿರ್ಧರಿಸಬೇಕಾಗಿತ್ತು. ಆ ನಿರ್ಧಾರದ ಭಾರ ಬಿದ್ದದ್ದು ಜನರ ಮನೆಮಾತಿನ ಮೇಲೆ.

ಸಿಂಗಾಪುರದ ಏಳಿಗೆಯ ಕಥೆ ಬಹಳ ಬಾರಿ ಹೇಳಲ್ಪಟ್ಟಿದೆ. ಇಲ್ಲಿ ಸಂಕ್ಷೇಪವಾಗಿ ನೆನೆದರೆ ಸಾಕು. ವಸತಿ ಮಂಡಲಿ 1960ರಲ್ಲಿ, ಆರ್ಥಿಕ ಅಭಿವೃದ್ಧಿ ಮಂಡಲಿ 1961ರಲ್ಲಿ ಸ್ಥಾಪನೆಯಾದವು. 1961ರ ಮೇ ತಿಂಗಳಲ್ಲಿ ಬುಕಿತ್ ಹೋ ಸ್ವೀ ಎಂಬ ಗುಡಿಸಲು ಬಸ್ತಿ ಬೆಂಕಿಗೆ ಆಹುತಿಯಾಗಿ ಸುಮಾರು 16,000 ಮಂದಿ ನಿರಾಶ್ರಿತರಾದಾಗ, ಒಂದು ವರ್ಷದೊಳಗೆ ಅವರಿಗೆ ಸರ್ಕಾರಿ ವಸತಿಗಳನ್ನು ಕಟ್ಟಿಕೊಡಲಾಯಿತು. ಇಂದು ನಾಗರಿಕರಲ್ಲಿ ಬಹುಪಾಲು ಜನ ವಾಸಿಸುವುದು ಅಂತಹ ಮನೆಗಳಲ್ಲಿಯೇ. ಅರ್ಥಮಂತ್ರಿ ಗೋ ಕೆಂಗ್ ಸ್ವೀ ಮತ್ತು ಡಚ್ ಸಲಹೆಗಾರ ಆಲ್ಬರ್ಟ್ ವಿನ್ಸೆಮಿಯಸ್ ಬಹುರಾಷ್ಟ್ರೀಯ ಉದ್ಯಮಗಳನ್ನು ಕರೆತಂದರು. ಜುರೋಂಗಿನ ಜವುಗು ಭೂಮಿ ಕಾರ್ಖಾನೆಗಳ ನಗರವಾಯಿತು. 1990ರಲ್ಲಿ ಲೀ ಪ್ರಧಾನಿ ಪದವಿಯಿಂದ ಇಳಿಯುವಾಗ ತಲಾ ಆದಾಯ 12,000 ಡಾಲರುಗಳ ಆಸುಪಾಸಿನಲ್ಲಿತ್ತು. ಯಶಸ್ಸೆಂದರೆ ಉಳಿವು, ಉಳಿವೆಂದರೆ ಆದಾಯ ಎಂಬ ಸಮೀಕರಣವನ್ನು ಆಳುವವರು ಮುಚ್ಚಿಡಲಿಲ್ಲ. ಇಂತಿಷ್ಟು ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಜೀವನಮಟ್ಟವನ್ನು ಮುಟ್ಟಬೇಕೆಂಬುದು 1980ರ ದಶಕದಲ್ಲಿ ಬಹಿರಂಗವಾಗಿ ಘೋಷಿತವಾದ ಗುರಿಯಾಗಿತ್ತು.

ಈ ಸಮೀಕರಣವು ಶಾಲೆಯೊಳಗೆ ಪ್ರವೇಶಿಸಿದ ಬಗೆಯೇ ಇಲ್ಲಿ ಮುಖ್ಯ. ಸಂವಿಧಾನದ ಪ್ರಕಾರ ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ ಭಾಷೆಗಳು, ಮಲಯ ರಾಷ್ಟ್ರಭಾಷೆ. ಆದರೆ ದ್ವೀಪದ ಚೀನೀಯರು ಮನೆಯಲ್ಲಿ ಮ್ಯಾಂಡರಿನ್ ಆಡುತ್ತಿದ್ದವರಲ್ಲ. ಹತ್ತೊಂಬತ್ತನೆಯ ಶತಮಾನದಿಂದ ದಕ್ಷಿಣ ಚೀನದ ಕರಾವಳಿಯನ್ನು ಬಿಟ್ಟು ಬಂದ ಕೂಲಿಗಳು, ವರ್ತಕರು, ದೋಣಿಗಾರರು ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಮಾತುಗಳನ್ನು ತಂದಿದ್ದರು. ಇವು ಉಚ್ಚಾರದ ಅಲ್ಪ ವ್ಯತ್ಯಾಸವುಳ್ಳ ಪ್ರಭೇದಗಳಲ್ಲ. ಒಂದನ್ನು ಆಡುವವನಿಗೆ ಇನ್ನೊಂದು ತಿಳಿಯುವುದಿಲ್ಲ. ಹೊಕ್ಕಿಯೆನ್ ಬೀದಿಯ ಭಾಷೆಯಾಗಿತ್ತು, ಮಲಯರೂ ತಮಿಳರೂ ಅದನ್ನು ಅಷ್ಟಿಷ್ಟು ಕಲಿಯುತ್ತಿದ್ದರು. ಇಂಗ್ಲಿಷ್ ಶಿಕ್ಷಣ ಪಡೆದು ಕೇಂಬ್ರಿಜ್‌ನಲ್ಲಿ ಕಾನೂನು ಓದಿದ ಲೀ ಕ್ವಾನ್ ಯೂ ಸ್ವತಃ 1961ರ ಹೊತ್ತಿಗೆ ಪ್ರಯಾಸಪಟ್ಟು ಹೊಕ್ಕಿಯೆನ್ ಕಲಿತದ್ದು, ಅದಿಲ್ಲದೆ ಮತದಾರನ ಕಿವಿ ತನಗೆ ದೊರೆಯದೆಂಬುದನ್ನು ಅರಿತ ಮೇಲೆ.

ಹದಿನೆಂಟು ವರ್ಷಗಳ ನಂತರ ಅದೇ ನಾಯಕರು ಹೊಕ್ಕಿಯೆನ್ ಭಾಷಣಗಳನ್ನು ನಿಲ್ಲಿಸಿದರು. 1979ರಲ್ಲಿ ಗೋ ಕೆಂಗ್ ಸ್ವೀ ನೇತೃತ್ವದ ಶಿಕ್ಷಣ ವರದಿ, ಬಹುಪಾಲು ಮಕ್ಕಳಿಗೆ ಶಾಲೆಯ ಎರಡು ಭಾಷೆಗಳೂ ಮನೆಯ ಭಾಷೆಯಲ್ಲವೆಂಬ ಸಂಗತಿಯನ್ನು ಮುಂದಿಟ್ಟಿತು. ಇದಕ್ಕೆ ಎರಡು ಪರಿಹಾರಗಳು ಸಾಧ್ಯವಿದ್ದವು: ಶಾಲೆಯನ್ನು ಮನೆಯ ಹತ್ತಿರಕ್ಕೆ ತರುವುದು, ಇಲ್ಲವೆ ಮನೆಯನ್ನು ಶಾಲೆಯಂತೆ ಮಾಡುವುದು. ಸರ್ಕಾರ ಎರಡನೆಯದನ್ನು ಆರಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ‘ಮ್ಯಾಂಡರಿನ್ ಮಾತಾಡಿ’ ಅಭಿಯಾನ ಆರಂಭವಾಯಿತು. ರೇಡಿಯೋ ಮತ್ತು ದೂರದರ್ಶನದಿಂದ ಪ್ರಾಂತೀಯ ಚೀನೀ ನುಡಿಗಳ ಕಾರ್ಯಕ್ರಮಗಳು ಹಂತಹಂತವಾಗಿ ಮರೆಯಾದವು. ಹಾಂಗ್‌ಕಾಂಗಿನ ಕ್ಯಾಂಟನೀಸ್ ಧಾರಾವಾಹಿಗಳು ಮ್ಯಾಂಡರಿನ್ ಧ್ವನಿಯಲ್ಲಿ ಬರತೊಡಗಿದವು. ದಶಕಗಳ ಕಾಲ ರೀಡಿಫ್ಯೂಷನ್ ಪ್ರಸಾರದಲ್ಲಿ ಕ್ಯಾಂಟನೀಸ್ ಕಥೆಗಳನ್ನು ಹೇಳುತ್ತಿದ್ದ ಲೀ ಡಾಯ್ ಸೋರ್ ಅವರ ಧ್ವನಿಯೂ ಈ ಅವಧಿಯಲ್ಲಿಯೇ ಮೌನವಾಯಿತು. ಆ ಕಥೆಗಳನ್ನು ಕೇಳುತ್ತ ಅಡುಗೆ ಮಾಡುತ್ತಿದ್ದ ಅಜ್ಜಿಯರಿಗೆ ತಮ್ಮದೇ ಮನೆಯಲ್ಲಿ ದೂರದರ್ಶನ ಅರ್ಥವಾಗದ ಪೆಟ್ಟಿಗೆಯಾಯಿತು. ಕೆಲವೇ ವರ್ಷಗಳಲ್ಲಿ ಮೊಮ್ಮಕ್ಕಳ ಮಾತೂ ಹಾಗೆಯೇ ಆಯಿತು.

ಅಂಕಿಗಳು ಈ ಅಭಿಯಾನದ ಯಶಸ್ಸನ್ನು ನಿಸ್ಸಂದೇಹವಾಗಿ ತೋರಿಸುತ್ತವೆ. 1980ರ ಜನಗಣತಿಯಲ್ಲಿ ಸುಮಾರು 60 ಪ್ರತಿಶತ ಮನೆಗಳ ಮುಖ್ಯ ಮಾತು ಈ ಪ್ರಾಂತೀಯ ನುಡಿಗಳಾಗಿದ್ದವು. ಮ್ಯಾಂಡರಿನ್ ಹತ್ತರಲ್ಲಿ ಒಂದು ಮನೆಯ ಮಾತಾಗಿತ್ತು. 2020ರ ಗಣತಿಯಲ್ಲಿ ಅವುಗಳನ್ನು ಮನೆಯಲ್ಲಿ ಹೆಚ್ಚಾಗಿ ಆಡುವವರು 9 ಪ್ರತಿಶತಕ್ಕಿಂತಲೂ ಕಡಿಮೆ. ಆದರೆ ಗೆದ್ದದ್ದು ಮ್ಯಾಂಡರಿನ್ ಕೂಡ ಅಲ್ಲ. ಅಷ್ಟರಲ್ಲಿ ಇಂಗ್ಲಿಷ್ 48 ಪ್ರತಿಶತವನ್ನು ಮುಟ್ಟಿತ್ತು. ಒಂದು ತಲೆಮಾರು ತನ್ನ ಮಾತನ್ನು ಬಿಟ್ಟು ಮ್ಯಾಂಡರಿನ್ ಹಿಡಿಯಿತು, ಅದರ ಮಕ್ಕಳು ಮ್ಯಾಂಡರಿನ್ ಬಿಟ್ಟು ಇಂಗ್ಲಿಷ್ ಹಿಡಿದರು.

ಇದಕ್ಕೆ ಜೊತೆಯಾದ ಇನ್ನೊಂದು ಘಟನೆ ನಾನ್ಯಾಂಗ್ ವಿಶ್ವವಿದ್ಯಾಲಯದ ಅಂತ್ಯ. 1950ರ ದಶಕದಲ್ಲಿ ಹೊಕ್ಕಿಯೆನ್ ಸಂಘ ಕೊಟ್ಟ ಭೂಮಿಯಲ್ಲಿ, ರಬ್ಬರ್ ವರ್ತಕ ಟಾನ್ ಲಾರ್ಕ್ ಸೈ ಮುಂದಾಳುತನದಲ್ಲಿ, ಸೈಕಲ್ ರಿಕ್ಷಾ ತುಳಿಯುವವರೂ ಟ್ಯಾಕ್ಸಿ ಚಾಲಕರೂ ಒಂದೊಂದು ದಿನದ ಗಳಿಕೆಯನ್ನು ಕೊಟ್ಟು ಕಟ್ಟಿದ ಚೀನೀ ಮಾಧ್ಯಮದ ವಿಶ್ವವಿದ್ಯಾಲಯ ಅದು. 1980ರಲ್ಲಿ ಅದನ್ನು ಸಿಂಗಾಪುರ ವಿಶ್ವವಿದ್ಯಾಲಯದೊಡನೆ ವಿಲೀನಗೊಳಿಸಲಾಯಿತು. 1987ರ ವೇಳೆಗೆ ಎಲ್ಲ ಶಾಲೆಗಳಿಗೂ ಇಂಗ್ಲಿಷೇ ಪ್ರಥಮ ಭಾಷೆಯಾಯಿತು. ಸರ್ಕಾರದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚೀನೀ ಮಾಧ್ಯಮದ ಪದವೀಧರರಿಗೆ ಉದ್ಯೋಗ ಸಿಗುತ್ತಿರಲಿಲ್ಲ, ಪೋಷಕರೇ ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಸೇರಿಸುತ್ತಿದ್ದರು. ಆದರೆ ಆ ಉದ್ಯೋಗಗಳ ಸ್ವರೂಪವನ್ನು ನಿರ್ಧರಿಸಿದ್ದು ಅದೇ ಸರ್ಕಾರದ ಆರ್ಥಿಕ ನೀತಿ ಎಂಬುದನ್ನೂ ಈ ವಾದದ ಜೊತೆಗೇ ಓದಬೇಕು.

ಸಿಂಗಾಪುರದ ಶಾಲೆಗಳಲ್ಲಿ ‘ಮಾತೃಭಾಷೆ’ ಎಂಬ ಪದಕ್ಕಿರುವ ಅರ್ಥ ವಿಲಕ್ಷಣವಾದುದು. ಅದು ತಾಯಿ ಆಡಿದ ಮಾತಲ್ಲ. ಮಗುವಿನ ದಾಖಲಿತ ಜನಾಂಗಕ್ಕೆ ರಾಜ್ಯವು ನಿಗದಿಪಡಿಸಿದ ಭಾಷೆ. ಟಿಯೋಚ್ಯೂ ಮನೆಯ ಮಗುವಿಗೆ ಮ್ಯಾಂಡರಿನ್, ಜಾವಾ ಮೂಲದ ಮಗುವಿಗೆ ಮಲಯ, ಭಾರತೀಯ ಮಗುವಿಗೆ ತಮಿಳು. ತಮಿಳೇತರ ಭಾರತೀಯರ ಮನವಿಗಳ ನಂತರ 1990ರ ಹೊತ್ತಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಈ ಐದು ಭಾಷೆಗಳಿಗೆ ಅವಕಾಶ ದೊರೆಯಿತು. ಕನ್ನಡ, ತೆಲುಗು, ಮಲಯಾಳಗಳು ಆ ಪಟ್ಟಿಯಲ್ಲಿಲ್ಲ. ಅಲ್ಲಿನ ಕನ್ನಡ ಮನೆಯ ಮಗು ‘ಮಾತೃಭಾಷೆ’ಯ ಪರೀಕ್ಷೆಯನ್ನು ತಮಿಳಿನಲ್ಲಿಯೋ ಹಿಂದಿಯಲ್ಲಿಯೋ ಬರೆಯುತ್ತದೆ. ಪಟ್ಟಿಯ ಹೊರಗೆ ಉಳಿಯುವುದೆಂದರೇನೆಂಬುದನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಭೂತಾನದ ಕಡೆಗೆ ತಿರುಗಿದರೆ ಸಾಧನೆಯ ಚಿತ್ರವೇ ಬೇರೆ. 1972ರಲ್ಲಿ ಹದಿನಾರರ ಹರೆಯದಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕಿಂತ ಒಟ್ಟು ರಾಷ್ಟ್ರೀಯ ಆನಂದವೇ ಮುಖ್ಯವೆಂಬ ವಿಚಾರವನ್ನು ಆ ದಶಕದಲ್ಲಿಯೇ ಮುಂದಿಟ್ಟರು. ಮೊದಮೊದಲು ಅದು ಒಬ್ಬ ತರುಣ ಅರಸನ ಚಮತ್ಕಾರದ ನುಡಿಯೆನಿಸಿತ್ತು. ಕ್ರಮೇಣ ಅದಕ್ಕೆ ಸಂಸ್ಥೆಗಳು ಹುಟ್ಟಿಕೊಂಡವು. 2008ರ ಸಂವಿಧಾನದ ಒಂಬತ್ತನೆಯ ವಿಧಿಯು ಆನಂದದ ಅನ್ವೇಷಣೆಗೆ ಅನುಕೂಲವಾದ ಪರಿಸ್ಥಿತಿಯನ್ನು ಬೆಳೆಸುವುದು ರಾಜ್ಯದ ಕರ್ತವ್ಯವೆಂದಿತು. ಐದನೆಯ ವಿಧಿಯು ದೇಶದ 60 ಪ್ರತಿಶತ ಭೂಮಿ ಎಂದೆಂದಿಗೂ ಅರಣ್ಯವಾಗಿಯೇ ಇರಬೇಕೆಂದಿತು. ಆನಂದವನ್ನು ಒಂಬತ್ತು ಕ್ಷೇತ್ರಗಳಲ್ಲಿ, 33 ಸೂಚಕಗಳಲ್ಲಿ ಅಳೆಯುವ ಸಮೀಕ್ಷಾ ಪದ್ಧತಿ ರೂಪುಗೊಂಡಿತು. 2010ರಲ್ಲಿ 0.743 ಇದ್ದ ಸೂಚ್ಯಂಕ 2022ರಲ್ಲಿ 0.781ಕ್ಕೆ ಏರಿತು. 2012ರಲ್ಲಿ ವಿಶ್ವಸಂಸ್ಥೆ ಮಾರ್ಚ್ 20ನ್ನು ಅಂತರರಾಷ್ಟ್ರೀಯ ಆನಂದ ದಿನವೆಂದು ಸಾರಿದ್ದಕ್ಕೂ ಭೂತಾನದ ಪ್ರಯತ್ನವೇ ಕಾರಣ.

ಇವೆಲ್ಲ ಬರಿಯ ಮಾತಲ್ಲ. ಉಚಿತ ಚಿಕಿತ್ಸೆ, ಉಚಿತ ಪ್ರಾಥಮಿಕ ಶಿಕ್ಷಣ, ಕಡಿಯದೆ ಉಳಿದ ಕಾಡು, ಯಾರೂ ಬಲವಂತಪಡಿಸದೆಯೇ ತನ್ನ ನಿರಂಕುಶಾಧಿಕಾರವನ್ನು ಬಿಟ್ಟುಕೊಟ್ಟ ಅರಸ ಇವು ನಿಜವಾದ ಸಾಧನೆಗಳು. ಅವುಗಳ ಖರ್ಚಿನ ಬಹುಭಾಗ ಭಾರತದ ನೆರವಿನಿಂದಲೂ ಚುಖಾ, ತಾಲಾಗಳಂತಹ ಜಲವಿದ್ಯುತ್ ಸ್ಥಾವರಗಳಿಂದ ಭಾರತಕ್ಕೆ ಮಾರಿದ ವಿದ್ಯುತ್ತಿನಿಂದಲೂ ಬಂದಿತೆಂಬುದು ಆನಂದದ ಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ಆ ಪುಸ್ತಕಗಳಲ್ಲಿ ಇನ್ನೂ ಕಡಿಮೆ ಕಾಣಿಸುವುದು ದಕ್ಷಿಣ ಭೂತಾನದ ವೃತ್ತಾಂತ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೇಪಾಳಿ ಭಾಷಿಕ ರೈತರು ದಕ್ಷಿಣದ ತಪ್ಪಲಿನ ಕಾಡುಗಳನ್ನು ಕಡಿದು ಹೊಲ ಮಾಡಿಕೊಂಡು, ಕಿತ್ತಳೆಯ, ಏಲಕ್ಕಿಯ ತೋಟಗಳನ್ನು ಬೆಳೆಸಿ ನೆಲೆಸಿದ್ದರು. ದಕ್ಷಿಣದವರು ಎಂಬರ್ಥದ ಲ್ಹೋಟ್‌ಶಾಂಪಾ ಎಂಬ ಹೆಸರನ್ನು ಅವರಿಗೆ ಕೊಟ್ಟದ್ದು ಭೂತಾನವೇ. 1958ರ ಕಾನೂನು ಅವರಿಗೆ ಪೌರತ್ವ ನೀಡಿತು. ಅವರ ಮಕ್ಕಳು ಶಾಲೆಗಳಲ್ಲಿ ನೇಪಾಳಿ ಓದಿದರು, ಸರ್ಕಾರಿ ಹುದ್ದೆಗಳನ್ನು ಹಿಡಿದರು. ಉತ್ತರ ಭೂತಾನವೂ ಏಕಭಾಷಿಕವಾಗಿರಲಿಲ್ಲ. ಜೋಂಗ್ಖಾ ಪಶ್ಚಿಮದ ಜಿಲ್ಲೆಗಳ ಮಾತು. ಪೂರ್ವದಲ್ಲಿ ತ್ಸಾಂಗ್ಲಾ, ನಡುನಾಡಿನಲ್ಲಿ ಬುಮ್‌ತಾಂಗ್, ಖೆಂಗ್, ಬೆರಳೆಣಿಕೆಯ ಹಳ್ಳಿಗಳಲ್ಲಿ ಗೊಂಗ್ಡುಕ್‌ನಂತಹ ಕಿರುನುಡಿಗಳು, ಒಟ್ಟು ಹತ್ತೊಂಬತ್ತರಷ್ಟು ಭಾಷೆಗಳು. ಬೋಧನೆಯ ಮಾಧ್ಯಮ ಮೊದಲು ಹಿಂದಿ, 1960ರ ದಶಕದಿಂದ ಇಂಗ್ಲಿಷ್. ಅಂದರೆ ಆನಂದದ ರಾಷ್ಟ್ರವೂ ತನ್ನ ಗಣಿತವನ್ನು ಸಿಂಗಾಪುರದಂತೆ ಇಂಗ್ಲಿಷಿನಲ್ಲಿಯೇ ಕಲಿಯಿತು.

1975ರಲ್ಲಿ ನೆರೆಯ ಸಿಕ್ಕಿಂ ತನ್ನ ರಾಜತ್ವವನ್ನು ಕಳೆದುಕೊಂಡು ಭಾರತದಲ್ಲಿ ಸೇರಿತು. ಅಲ್ಲಿ ನೇಪಾಳಿ ಭಾಷಿಕರು ಬಹುಸಂಖ್ಯಾತರಾಗಿದ್ದರೆಂಬುದು ಥಿಂಪುವಿನ ಆಳರಸರ ಮನಸ್ಸಿನಿಂದ ಮಾಸಲಿಲ್ಲ. 1980ರ ದಶಕದ ಗೋರ್ಖಾಲ್ಯಾಂಡ್ ಚಳವಳಿ ಆ ಅಂಜಿಕೆಯನ್ನು ಹೆಚ್ಚಿಸಿತು. 1985ರ ಪೌರತ್ವ ಕಾಯಿದೆಯು 1958ರ ಡಿಸೆಂಬರ್ 31ಕ್ಕೆ ಮೊದಲು ದೇಶದಲ್ಲಿ ನೆಲೆಸಿದ್ದುದಕ್ಕೆ ಪುರಾವೆ ಕೇಳಿತು. 1988ರ ಜನಗಣತಿಯಲ್ಲಿ ದಕ್ಷಿಣದ ಜನರನ್ನು ಏಳು ವರ್ಗಗಳಾಗಿ ವಿಂಗಡಿಸಲಾಯಿತು: ಮೊದಲನೆಯದು ನಿಜವಾದ ಭೂತಾನಿಗಳು, ಏಳನೆಯದು ವಿದೇಶೀಯರು. ಒಂದೇ ಮನೆಯ ಗಂಡ ಮೊದಲನೆಯ ವರ್ಗದಲ್ಲಿ, ಹೆಂಡತಿ ಮಕ್ಕಳು ಬೇರೊಂದರಲ್ಲಿ ಬಿದ್ದ ಉದಾಹರಣೆಗಳು ಹಲವು. 1958ನೆಯ ಇಸವಿಯದೇ ಕಂದಾಯ ರಶೀದಿ ಬೇಕಾಗಿತ್ತು. ಅದರ ಹಿಂದಿನ ಅಥವಾ ಮುಂದಿನ ವರ್ಷದ ರಶೀದಿಯನ್ನು ಒಪ್ಪಲಿಲ್ಲವೆಂದು ನಿರಾಶ್ರಿತರು ಹೇಳಿದ್ದಾರೆ. ಇಂತಹ ಹೇಳಿಕೆಗಳನ್ನು ಸಂಗ್ರಹಿಸಿ ಪರಿಶೀಲಿಸಿದವರಲ್ಲಿ ಬ್ರಿಟಿಷ್ ವಿದ್ವಾಂಸ ಮೈಕೆಲ್ ಹಟ್ ಪ್ರಮುಖರು.

1989ರಲ್ಲಿ ‘ಒಂದು ರಾಷ್ಟ್ರ, ಒಂದು ಜನ’ ಎಂಬ ಧೋರಣೆಯಡಿ ಉತ್ತರದವರ ಘೋ ಮತ್ತು ಕಿರಾ ಉಡುಪು, ದ್ರಿಗ್ಲಾಂ ನಾಮ್ಜಾ ಎಂಬ ಶಿಷ್ಟಾಚಾರ ಎಲ್ಲರಿಗೂ ಕಡ್ಡಾಯವಾದವು. ದಕ್ಷಿಣದ ಶಾಲೆಗಳಿಂದ ನೇಪಾಳಿ ಭಾಷೆ ಹೊರಟುಹೋಯಿತು. ಉಷ್ಣವಲಯದ ಸೆಕೆಯಲ್ಲಿ ಬೆಟ್ಟದ ದಪ್ಪ ಉಡುಪು ತೊಟ್ಟು ಹೊಲಕ್ಕೆ ಹೋಗಬೇಕಾದ ರೈತನ ಪಾಡು ಊಹಿಸಬಹುದಾದದ್ದು. ಜನರ ದೂರನ್ನು ಅರಸನಿಗೆ ಸಲ್ಲಿಸಿದ್ದ ಟೆಕ್ ನಾಥ್ ರಿಜಾಲ್ ಅದೇ ವರ್ಷ ಬಂಧಿತರಾಗಿ, ಹತ್ತು ವರ್ಷ ಸೆರೆಯಲ್ಲಿದ್ದು, 1999ರಲ್ಲಿ ಬಿಡುಗಡೆಯಾದರು. 1990ರ ಶರತ್ಕಾಲದಲ್ಲಿ ದಕ್ಷಿಣದ ಊರುಗಳಲ್ಲಿ ಮೆರವಣಿಗೆಗಳು ನಡೆದವು. ಹಿಂಸೆಯೂ ಆಯಿತು, ಎರಡೂ ಕಡೆಯಿಂದ. ಅನಂತರ ಬಂಧನಗಳು, ಶಾಲೆಗಳ ಮುಚ್ಚುಗಡೆ, ಹೊರದೂಡುವಿಕೆ. ಸ್ವಇಚ್ಛೆಯಿಂದ ದೇಶ ಬಿಡುತ್ತಿದ್ದೇವೆಂಬ ಪತ್ರಗಳಿಗೆ ತಮ್ಮಿಂದ ಸಹಿ ಮಾಡಿಸಿಕೊಳ್ಳಲಾಯಿತೆಂದೂ, ಆ ಹೊತ್ತಿನ ಛಾಯಾಚಿತ್ರಕ್ಕೆ ನಗಬೇಕೆಂದು ಆಜ್ಞಾಪಿಸಲಾಯಿತೆಂದೂ ಹಲವು ನಿರಾಶ್ರಿತರು ಹೇಳಿದ್ದಾರೆ.

ಅವರು ಭಾರತದ ನೆಲವನ್ನು ದಾಟಿ ಪೂರ್ವ ನೇಪಾಳದ ಝಾಪಾ ಮತ್ತು ಮೋರಂಗ್ ಜಿಲ್ಲೆಗಳ ಬಿದಿರಿನ ಗುಡಿಸಲುಗಳನ್ನು ಸೇರಿದರು. ಶಿಬಿರಗಳ ಜನಸಂಖ್ಯೆ ಒಂದು ಲಕ್ಷವನ್ನು ಮೀರಿತು. ಇಡೀ ದೇಶದ ಜನಸಂಖ್ಯೆ 2017ರಲ್ಲಿ ಕೂಡ 7,27,145 ಆಗಿತ್ತೆಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ನೇಪಾಳ ಮತ್ತು ಭೂತಾನ ಸುತ್ತು ಸುತ್ತಾಗಿ ಮಾತುಕತೆ ನಡೆಸಿದವು. ಒಬ್ಬ ನಿರಾಶ್ರಿತನೂ ಅದರಿಂದ ಮನೆಗೆ ಮರಳಲಿಲ್ಲ. 2007ರ ನಂತರ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ಎಂಟು ದೇಶಗಳು ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ನೆಲೆ ಕೊಟ್ಟವು. ಓಹಯೋದ ಕೊಲಂಬಸ್ ನಗರ ಇಂದು ಭೂತಾನದ ಹೊರಗಿನ ಅತಿ ದೊಡ್ಡ ಭೂತಾನಿ ನೆಲೆಗಳಲ್ಲೊಂದು. 2025ರಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನು ಭೂತಾನಕ್ಕೆ ಗಡೀಪಾರು ಮಾಡಿದಾಗ, ಭೂತಾನ ಅವರನ್ನು ಮತ್ತೆ ಗಡಿಯಾಚೆಗೆ ಕಳಿಸಿತು.

ಸಿಂಗಾಪುರವೂ ಭೂತಾನವೂ ಒಂದೇ ತಪ್ಪನ್ನು ಮಾಡಿದವೆಂದು ಹೇಳುವುದು ನ್ಯಾಯವಲ್ಲ. ಹೊಕ್ಕಿಯೆನ್ ಅಜ್ಜಿ ತನ್ನ ಮೊಮ್ಮಗನ ಮಾತನ್ನು ಕಳೆದುಕೊಂಡಳು, ಮನೆಯನ್ನಲ್ಲ. ಪೌರತ್ವ, ವೈದ್ಯಕೀಯ ನೆರವು, ಮತದಾನದ ಹಕ್ಕು ಅವಳೊಡನೆ ಉಳಿದವು. ಅಲ್ಲದೆ ಬಹುಸಂಖ್ಯಾತ ಚೀನೀಯರ ಸರ್ಕಾರ ಅತ್ಯಂತ ಕಠೋರವಾದದ್ದು ಚೀನೀಯರ ಮನೆಮಾತುಗಳ ಮೇಲೆಯೇ ಹೊರತು ಮಲಯದ ಮೇಲೆ ಅಲ್ಲ. ಲ್ಹೋಟ್‌ಶಾಂಪಾ ರೈತ ಹೊಲ, ತೋಟ, ದೇಶ ಮೂರನ್ನೂ ಕಳೆದುಕೊಂಡ. ಜಗತ್ತಿನ ಮೆಚ್ಚುಗೆಯ ಲೆಕ್ಕದಲ್ಲಿ ಇದು ತಲೆಕೆಳಗಾಗಿದೆ: ಸಿಂಗಾಪುರಕ್ಕೆ ಕಠೋರತೆಯ ಅಪಕೀರ್ತಿ, ಭೂತಾನಕ್ಕೆ ಸೌಮ್ಯತೆಯ ಸತ್ಕೀರ್ತಿ.

ಎರಡೂ ಅಳತೆಗಳ ರಚನೆಯಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಿಂಗಾಪುರದ ಅಳತೆಗೋಲಿನಲ್ಲಿ ಭಾಷೆಗೆ ಸ್ಥಾನವೇ ಇರಲಿಲ್ಲ. ತಲಾ ಆದಾಯದ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಭೂತಾನದ ಅಳತೆಗೋಲಿನಲ್ಲಿ ಸ್ಥಾನವಿದೆ. ಆನಂದ ಸಮೀಕ್ಷೆಯ ಸಂಸ್ಕೃತಿ ಕ್ಷೇತ್ರದ ನಾಲ್ಕು ಸೂಚಕಗಳಲ್ಲಿ ಒಂದು, ವ್ಯಕ್ತಿಯು ತನ್ನ ಮನೆಮಾತನ್ನು ಎಷ್ಟು ಚೆನ್ನಾಗಿ ಆಡಬಲ್ಲ ಎಂಬುದು. ಇನ್ನೊಂದು, ದ್ರಿಗ್ಲಾಂ ನಾಮ್ಜಾ. ಮನೆಮಾತಿನ ಪ್ರಾವೀಣ್ಯವನ್ನು ಆನಂದದ ಅಂಗವೆಂದು ಒಪ್ಪಿದ ರಾಜ್ಯ ಜಗತ್ತಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಆದರೆ ಪ್ರಶ್ನಾವಳಿ ಮನೆಮನೆಗೆ ಹೋಗುವ ಕಾಲಕ್ಕೆ, ಆ ಪ್ರಶ್ನೆಗೆ ಉತ್ತರಿಸಬೇಕಾಗಿದ್ದ ಒಂದು ಲಕ್ಷ ಜನ ಬೆಲ್‌ಡಾಂಗಿ ಮತ್ತಿತರ ಶಿಬಿರಗಳಲ್ಲಿದ್ದರು. ಅವರ ಮಾತು, ಅವರ ಆನಂದ, ಎರಡೂ ಸರಾಸರಿಯೊಳಗೆ ಸೇರಲಿಲ್ಲ.

ಈಚಿನ ವರ್ಷಗಳಲ್ಲಿ ಎರಡೂ ದೇಶಗಳು ತಮ್ಮ ತಮ್ಮ ಅಳತೆಯ ಬಗ್ಗೆ ಅನುಮಾನಪಡುತ್ತಿರುವಂತಿದೆ. ಸಿಂಗಾಪುರದಲ್ಲಿ 2023ರಲ್ಲಿ ಜನನ ಪ್ರಮಾಣ ಪ್ರತಿ ಮಹಿಳೆಗೆ ಒಂದಕ್ಕಿಂತ ಕೆಳಗಿಳಿಯಿತು. ಇತ್ತ ಯುವಕರು ಅಜ್ಜ ಅಜ್ಜಿಯರ ಹೊಕ್ಕಿಯೆನ್, ಟಿಯೋಚ್ಯೂಗಳನ್ನು ಸಂಜೆ ತರಗತಿಗಳಲ್ಲಿ ಶುಲ್ಕ ಕೊಟ್ಟು ಕಲಿಯುತ್ತಿದ್ದಾರೆ. ಭೂತಾನವು 2023ರ ಡಿಸೆಂಬರಿನಲ್ಲಿ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದಿತು. ಆದರೆ ಇಂಗ್ಲಿಷ್ ಬಲ್ಲ ಅದರ ಯುವಜನರು, ಶಿಕ್ಷಕರೂ ದಾದಿಯರೂ ಸೇರಿ, ಆಸ್ಟ್ರೇಲಿಯಾದ ವಿಮಾನ ಹತ್ತುತ್ತಿದ್ದಾರೆ.

ಅದೇ ಡಿಸೆಂಬರ್ 17ರ ರಾಷ್ಟ್ರೀಯ ದಿನದಂದು ಐದನೆಯ ಅರಸ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕ್ ಹೊಸ ನಗರವೊಂದನ್ನು ಘೋಷಿಸಿದರು. ಸಾವಧಾನದ ನಗರವೆಂದು ಅದಕ್ಕೆ ಹೆಸರು. ವಿಮಾನ ನಿಲ್ದಾಣ, ಹಣಕಾಸು ಸಂಸ್ಥೆಗಳು, ವಿದೇಶೀ ಬಂಡವಾಳ ಅದರ ಆಧಾರ. ಅದರ ಮೊದಲ ರಾಜ್ಯಪಾಲರಾಗಿ ನೇಮಕಗೊಂಡವರು ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣವನ್ನು ಮುನ್ನಡೆಸಿದ್ದ ಲಿಯು ಮುನ್ ಲಿಯಾಂಗ್. ಅಲ್ಲಿನ ವ್ಯವಹಾರಗಳಿಗೆ ಸಿಂಗಾಪುರದ ಕಾನೂನುಗಳನ್ನೇ ಅಳವಡಿಸಿಕೊಳ್ಳಲಾಗಿದೆ. ನಗರಕ್ಕೆ ಆರಿಸಿದ ಸ್ಥಳ ಅಸ್ಸಾಮಿನ ಗಡಿಗೆ ತಾಗಿದ ಗೆಲೆಫು. ಅದಿರುವ ಸರ್ಪಾಂಗ್, 1990ರ ನಂತರ ಸಾವಿರಾರು ನೇಪಾಳಿ ಭಾಷಿಕರು ಮನೆಗಳಿಗೆ ಬೀಗ ಹಾಕಿ ಹೊರಟ ಜಿಲ್ಲೆಗಳಲ್ಲಿ ಒಂದು. ಉಳಿದವರ ಮನೆಗಳಲ್ಲಿಯೂ ಗೆಲೆಫುವಿನ ಸಂತೆಯಲ್ಲಿಯೂ ಇಂದಿಗೂ ನೇಪಾಳಿ ಕೇಳಿಸುತ್ತದೆ. ಅಲ್ಲಿನ ಶಾಲೆಗಳಲ್ಲಿ ಅದನ್ನು ಕಲಿಸುವುದಿಲ್ಲ.